ಲಾರಿಗೆ ಎರಡು ಜೊತೆ ಮೆಟ್ಟು

ಹೋದ ವಾರ ಮೊಮ್ಮಗನ ಕಾರಿನಲ್ಲಿ ನನ್ನ ತವರೂರು ಆವತಿಗೆ ಹೊರಟಿದ್ದೆ. ದೇವನಹಳ್ಳಿ ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಹಿಂದಿನ ಚಕ್ರ ಪಂಕ್ಚರ್ ಆಯಿತು. ಮೊಮ್ಮಗ ಇಳಿದು ಮೊದಲು ಚಕ್ರವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಅಜ್ಜಿ, ನೀನು ಆ ಹೊಂಗೆ ಮರದ ಕೆಳಗೆ ಕೂತ್ಕೋ. ಇದು ಸ್ವಲ್ಪ ಹೊತ್ತಾಗುತ್ತೆ" ಎಂದ. ಹೋಗಿ ಕೂತೆ. ಬಿಸಿ ರಬ್ಬರಿನ ವಾಸನೆ ನೆರಳಿನವರೆಗೂ ಬಂತು. ನಿಮಗೆ ಮಲ್ಲಿಗೆಯ ವಾಸನೆಗೋ ಒಗ್ಗರಣೆಯ ವಾಸನೆಗೋ ಅತ್ತೆಮನೆ ನೆನಪಾಗಬಹುದು. ನನಗೆ ನೆನಪಾಗುವುದು ಟೈರಿನ ವಾಸನೆಗೆ. ಏನು ಮಾಡಲಿ, ನಾನು ಸೇರಿದ ಮನೆ ಅಂಥದು.

ನನ್ನನ್ನು ಕೊಟ್ಟದ್ದು ಹೊಸಕೋಟೆ ಕಡೆಗೆ. ದೊಡ್ಡ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ನಮ್ಮ ಯಜಮಾನರು ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವರು. ಮಿಲಿಟರಿಯವರು ಇನ್ನು ಬೇಡವೆಂದು ಮಾರಿದ ಲಾರಿಗಳಲ್ಲಿ ಒಂದನ್ನು ತಂದು ಮನೆ ಮುಂದೆ ನಿಲ್ಲಿಸಿದ್ದರು. ಮುಂದೆರಡು, ಹಿಂದೆರಡು, ಒಟ್ಟು ನಾಲ್ಕೇ ಚಕ್ರದ ಗಿಡ್ಡ ಲಾರಿ. "ಲಾರಿ ಮನೆಗೆ ಹೋಗ್ತಾ ಇದೀಯ, ಇನ್ನು ನಿನ್ ಕಾಲು ನೆಲದ ಮೇಲೆ ನಿಲ್ಲಲ್ಲ ಬಿಡೇ" ಎಂದು ಗೆಳತಿಯರು ರೇಗಿಸಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಸೀಟಿನಲ್ಲಿ ಕೂತು, ಸೆರಗನ್ನು ಗಾಳಿಗೆ ಬಿಟ್ಟು, ಬೆಂಗಳೂರು ನೋಡಿಕೊಂಡು ಬರುವುದು ಅಂತ. ಮದುವೆಯಾಗಿ ಹೋದ ಎಂಟನೇ ದಿನಕ್ಕೆ ನಾನು ಅದೇ ಲಾರಿಯ ಪಕ್ಕದಲ್ಲಿ ಜಾಕಿ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ.

ಅದು ಹೇಗೆಂದು ಹೇಳುತ್ತೇನೆ. ನಮ್ಮ ಮನೆ ಇದ್ದದ್ದು ಡಾಂಬರು ರಸ್ತೆಯಿಂದ ಜಡಿಗೇನಹಳ್ಳಿ ಕಡೆಯ ಮಣ್ಣುದಾರಿ ಕವಲೊಡೆಯುವ ಜಾಗದಲ್ಲಿ. ಈ ಕಡೆ ಹೋದರೆ ಬೆಂಗಳೂರಿನ ಮಾರುಕಟ್ಟೆ, ಆ ಕಡೆ ಹೋದರೆ ಕೆರೆ, ಹೊಲ. ಬೇಸಿಗೆಯಲ್ಲಿ ಲಾರಿ ಕೆರೆಯಂಗಳಕ್ಕೆ ಇಳಿದು ಗೋಡುಮಣ್ಣು ಹೊರುತ್ತಿತ್ತು. ಬೆಳೆ ಬಂದಾಗ ಹೊಲದ ಒಳಕ್ಕೇ ಹೋಗಿ ಆಲೂಗಡ್ಡೆ ತುಂಬಿಕೊಂಡು ಪೇಟೆಗೆ ಹೋಗುತ್ತಿತ್ತು. ಬಂದಾಗ ಅದಕ್ಕಿದ್ದದ್ದು ದಪ್ಪ ಹಲ್ಲಿನ ಮಿಲಿಟರಿ ಟೈರು. ಕೆಸರಿನಲ್ಲಿ ಅದನ್ನು ಮೀರಿಸುವುದು ಇಲ್ಲ. ಆದರೆ ಕಾದ ಡಾಂಬರಿನ ಮೇಲೆ ಓಡಿಸಿದರೆ ಆ ಹಲ್ಲು ದಿನದಿನಕ್ಕೂ ಸವೆಯುತ್ತಿತ್ತು. ಅಂಥ ಟೈರು ಮತ್ತೆ ಬೇಕೆಂದರೆ ಎಲ್ಲಿಯೂ ಸಿಗದ ಕಾಲ ಅದು.

ಸವೆಯುತ್ತಿರುವುದನ್ನು ಮೊದಲು ಕಂಡವರು ನಮ್ಮ ಅತ್ತೆಮ್ಮ. ಲಾರಿಯ ಬಗ್ಗೆ ಅವರಿಗೆ ತಿಳಿದಿದ್ದದ್ದು ಅದು ಹುಲ್ಲು ತಿನ್ನುವುದಿಲ್ಲ ಎನ್ನುವುದಷ್ಟೇ. ಆದರೆ ಎತ್ತಿನ ವಿಷಯದಲ್ಲಿ ಅವರ ಮಾತಿಗೆ ಊರಲ್ಲಿ ಎದುರಿರಲಿಲ್ಲ. ಮಗನನ್ನು ಕರೆದು ಕೇಳಿದರಂತೆ: "ರಸ್ತೆ ಮೇಲೆ ಗಾಡಿ ಎಳೆಯೋ ಎತ್ತಿಗೆ ಲಾಳ ಹೊಡಿಸ್ತೀವಿ. ಕೆಸರಲ್ಲಿ ಉಳೋ ಎತ್ತಿಗೆ ಹೊಡಿಸ್ತೀವೇನೋ? ಅದರ ಕಾಲೇ ಬೇರೆ, ಇದರ ಕಾಲೇ ಬೇರೆ. ನಿನ್ ಲಾರಿ ಎರಡು ಕೆಲಸಾನೂ ಮಾಡ್ತದೆ ಅಂದಮೇಲೆ ಎರಡು ಜೊತೆ ಕಾಲು ಇಟ್ಕೊ." ಮಿಲಿಟರಿಯಲ್ಲಿ ಕಲಿತು ಬಂದ ಮಗ ಆ ವಾರವೇ ಬೆಂಗಳೂರಿಗೆ ಹೋಗಿ ರಿಮ್ಮು ಸಮೇತ ನಾಲ್ಕು ನುಣುಪು ಟೈರು ಹುಡುಕಿ ತಂದರು. ಅಂದಿನಿಂದ ಡಾಂಬರಿಗೆ ನುಣುಪು ಚಕ್ರ, ಹೊಲಕ್ಕೆ ಹಲ್ಲಿನ ಚಕ್ರ. ಮನೆಯ ಯಾವ ಹೆಂಗಸಿನ ಕಾಲಿಗೂ ಒಂದು ಜೊತೆ ಮೆಟ್ಟು ಇರಲಿಲ್ಲ. ಲಾರಿಗೆ ಮಾತ್ರ ಎರಡು ಜೊತೆ.

ಚಕ್ರ ಬದಲಾಯಿಸುವುದು ನಮ್ಮ ಪಾಲಿಗೆ ಬಂದದ್ದೂ ಅತ್ತೆಮ್ಮನ ತೀರ್ಮಾನವೇ. ಪೇಟೆಯಿಂದ ಮಧ್ಯಾಹ್ನ ಹಸಿದು ಬಂದ ಮಗ ಮೊದಲು ಉಣ್ಣಬೇಕು, ಅವನು ಉಂಡು ಏಳುವಷ್ಟರಲ್ಲಿ ಲಾರಿ ಹೊಲಕ್ಕೆ ತಯಾರಾಗಿರಬೇಕು. ಮಗ ತಾಯಿಗೆ ಒಂದು ಸಲ ತೋರಿಸಿಕೊಟ್ಟರು, ತಾಯಿ ನನಗೆ ಕಲಿಸಿದರು. ಬಿಚ್ಚಿದ ನಟ್ಟುಗಳನ್ನು ಮೊರದಲ್ಲಿ ಹಾಕಬೇಕು, ಮಣ್ಣಿಗೆ ಬೀಳಬಾರದು. ಚಕ್ರ ಎತ್ತುವುದಕ್ಕೆ ಮೈಬಲ ಬೇಡ, ಅಡಿಗೆ ಹಾರೆ ಕೊಟ್ಟು ಮೀಟಿದರೆ ತಾನೇ ಏರಿ ಕೂರುತ್ತದೆ. ನಟ್ಟು ಬಿಗಿಯುವುದರಲ್ಲಿ ಮಾತ್ರ ಅತ್ತೆಮ್ಮ ಬಲು ಕಟ್ಟುನಿಟ್ಟು. "ಪಕ್ಕಪಕ್ಕದ್ದು ಬಿಗೀಬೇಡ ಕಣಮ್ಮ, ಚಕ್ರ ಮುನಿಸ್ಕೊಂಡು ಒಂದು ಕಡೆಗೆ ವಾಲ್ತದೆ. ಎದುರುಬದುರು ಬಿಗಿ." ಮೊದಲ ದಿನ ನಾನು ಒಂದು ಚಕ್ರ ಮುಗಿಸುವಷ್ಟರಲ್ಲಿ ಯಜಮಾನರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಒಂದು ನಿದ್ದೆಯನ್ನೂ ತೆಗೆದಿದ್ದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ನಾವಿಬ್ಬರೂ ಸೇರಿ ನಾಲ್ಕೂ ಚಕ್ರವನ್ನು ಎರಡು ಮುದ್ದೆ, ಒಂದು ಲೋಟ ಮಜ್ಜಿಗೆಯ ಹೊತ್ತಿಗೆ ಮುಗಿಸುತ್ತಿದ್ದೆವು. ಕೆಲಸವಿಲ್ಲದ ಜೊತೆ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿತ್ತು. ಅದಕ್ಕೆ ಮುಂಚೆ ಹಲ್ಲಿನ ಸಂದಿಯ ಮಣ್ಣನ್ನು ಕಡ್ಡಿಯಿಂದ ತೆಗೆಯಬೇಕಿತ್ತು. ನನ್ನ ಹಲ್ಲನ್ನು ನಾನು ಅಷ್ಟು ಶ್ರದ್ಧೆಯಿಂದ ಉಜ್ಜಿಕೊಂಡಿದ್ದರೆ ಈಗ ಕಟ್ಟಿಸಿದ ಹಲ್ಲು ಬೇಕಾಗುತ್ತಿರಲಿಲ್ಲ.

ಊರವರಿಗೆ ಇದೆಲ್ಲ ನಗೆಪಾಟಲು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಮೇಲಿನ ಮನೆಯ ಮುನಿಶಾಮಪ್ಪ. ಕೆರೆಯ ಹಿಂದೆ ಅವರದು ದೊಡ್ಡ ಹೊಲ, ಮನೆಯಲ್ಲಿ ನಾಲ್ಕು ಜೊತೆ ಎತ್ತು. ನಾವು ಚಕ್ರ ಬದಲಾಯಿಸುತ್ತಿದ್ದಾಗಲೇ ಸರಿಯಾಗಿ ಆ ದಾರಿಯಲ್ಲಿ ಬರುವರು. "ಏನಕ್ಕಾ, ಮದುವೆ ಮನೆಗೊಂದು ಜೊತೆ, ಮಸಣಕ್ಕೊಂದು ಜೊತೆನಾ ನಿನ್ ಲಾರಿಗೆ? ಒಂದು ಜೊತೆ ಕೊಟ್ಬಿಡು, ಊರಿಗೆಲ್ಲ ಮೆಟ್ಟು ಹೊಲಿಸೋಣ." ಅತ್ತೆಮ್ಮ ನಟ್ಟನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದರು. ಅವರಿಗೆ ನೋವಾಗುತ್ತದೆಂದು ನನಗೆ ಗೊತ್ತಾಗುತ್ತಿದ್ದದ್ದು ಆ ನಟ್ಟನ್ನು ಮುಂದಿನ ಸಲ ಬಿಚ್ಚುವಾಗ.

ಆ ವರ್ಷ ಆಲೂಗಡ್ಡೆ ಅಗೆಯುವ ಹೊತ್ತಿಗೆ ಮಳೆ ಹಿಡಿಯಿತು. ಮೂರು ದಿನ ಸುರಿದು ಒಂದು ಬೆಳಿಗ್ಗೆ ನಿಂತಿತು, ಮೋಡ ಮಾತ್ರ ಕರಗಲಿಲ್ಲ. ಮುನಿಶಾಮಪ್ಪನ ಇಡೀ ಬೆಳೆ ಮೂಟೆ ಕಟ್ಟಿಸಿಕೊಂಡು ಹೊಲದ ದಿಣ್ಣೆಯ ಮೇಲೆ ಕೂತಿತ್ತು. ಇನ್ನೊಂದು ಮಳೆ ಬಿದ್ದರೆ ಎಲ್ಲ ಕೊಳೆತುಹೋಗುವುದೇ. ಗಾಡಿಗಳು ಅಚ್ಚಿನವರೆಗೂ ಹೂತು, ಎತ್ತುಗಳು ಮಂಡಿಯೂರಿದ್ದವು. ಮಧ್ಯಾಹ್ನ ಅವರು ನಮ್ಮ ಜಗಲಿಗೆ ಬಂದು ನಿಂತರು. ಮೊಣಕಾಲವರೆಗೆ ಕೆಸರು, ಹೆಗಲ ಮೇಲಿರಬೇಕಾದ ಟವೆಲ್ಲು ಕೈಯಲ್ಲಿ.

"ಅಕ್ಕಾ, ನಿನ್ ಲಾರಿ ಬರ್ತದೇನಕ್ಕ ಹೊಲಕ್ಕೆ?"

ಅತ್ತೆಮ್ಮ ಒಂದು ಕ್ಷಣ ಅವರ ಕಾಲನ್ನೇ ನೋಡಿದರು. "ಬರ್ತದೆ ಕಣಪ್ಪ. ಅದಕ್ಕೇ ಅಂತ್ಲೇ ಒಂದು ಜೊತೆ ಮಡಗಿರೋದು" ಎಂದು ನನ್ನ ಕಡೆ ತಿರುಗಿದರು. "ನನ್ ಮಗ ಪೇಟೆಯಿಂದ ಬಂದವ್ನೆ, ಅವನಿಗೆ ಉಣ್ಣಕ್ಕಿಟ್ಟು ಬಾ. ಚಕ್ರ ಉರುಳಿಸೋಣ."

ನನ್ನ ಜೀವ ಬಾಯಿಗೆ ಬಂತು. ಏಕೆಂದರೆ ಆ ಹಲ್ಲಿನ ಚಕ್ರಗಳಲ್ಲಿ ಒಂದರ ಮೇಲೆ ನನ್ನ ಕೋಳಿ ಕಾವಿಗೆ ಕೂತಿತ್ತು. ತವರಿನಿಂದ ತಂದ ಕೋಳಿ. ಮಲಗಿಸಿದ ಚಕ್ರದ ನಡುವೆ ರಿಮ್ಮಿನ ಗುಳಿ ಒಳ್ಳೆ ಬಟ್ಟಲಿನ ಹಾಗಿತ್ತು. ಬೆಳೆ ಬರುವವರೆಗೆ ಲಾರಿ ಡಾಂಬರಿನ ಮೇಲೇ ಓಡುವುದೆಂದು ನಂಬಿ, ಹುಲ್ಲು ಹಾಸಿ, ಹನ್ನೊಂದು ಮೊಟ್ಟೆ ಇಟ್ಟು, ಯಾರಿಗೂ ಹೇಳದೆ ಕೂರಿಸಿದ್ದೆ. ಹತ್ತೊಂಬತ್ತನೇ ದಿನ ಅದು. ಕಾವು ಕೂತ ಕೋಳಿಯನ್ನು ಎಬ್ಬಿಸಬಾರದೆಂಬುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅತ್ತೆಮ್ಮ ಗೋಣಿಚೀಲ ಎತ್ತಿದರು. ಕೋಳಿ ಅವರನ್ನು ನೋಡಿತು, ಅವರು ನನ್ನನ್ನು ನೋಡಿದರು. ಇಷ್ಟು ದಿನ ನುಂಗಿಕೊಂಡ ಮಾತಿಗೆ ಉತ್ತರ ಕೊಡುವ ದಿನ ಬಂದಾಗ, ಸೊಸೆಯ ಕೋಳಿ ಅಡ್ಡ ಕೂತಿದೆ. ಜಗಲಿಯ ಮೇಲೆ ಮುನಿಶಾಮಪ್ಪ ಕಾಯುತ್ತಿದ್ದಾರೆ. ನಾಚಿಕೆಗೆ ನನಗೆ ಅಳು ಬಂತು.

ಅಳುತ್ತಲೇ ದಾರಿ ಹೊಳೆಯಿತು. "ಅತ್ತೆಮ್ಮ, ಒಂದು ನುಣುಪು ಚಕ್ರ ಮೊದ್ಲು ಬಿಚ್ಚಿ ತರ್ತೀನಿ" ಎಂದು ಓಡಿದೆ. ಬಿಚ್ಚಿದ ಚಕ್ರವನ್ನು ಉರುಳಿಸಿಕೊಂಡು ಬಂದು ಕೋಣೆಯಲ್ಲಿ ಮಲಗಿಸಿದೆವು. ಅದೇ ಹುಲ್ಲು, ಅದೇ ಮೊಟ್ಟೆ, ಅದೇ ಮೂಲೆ. ಕೈಗೆ ನಾಲ್ಕು ಕಡೆ ಕುಕ್ಕಿಸಿಕೊಂಡು ಕೋಳಿಯನ್ನು ಎತ್ತಿ ಇಟ್ಟೆ. ಅದು ನಿಂತಿತು. ರಿಮ್ಮನ್ನು ಒಂದು ಸಲ ಕುಕ್ಕಿ ನೋಡಿತು. ನಾವಿಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಪುಕ್ಕ ಬಿಚ್ಚಿಕೊಂಡು ನಿಧಾನವಾಗಿ ಕೂತಿತು.

"ನಿನ್ ಕೋಳಿಗೂ ಎರಡು ಜೊತೆ ಬೇಕಾಯ್ತು ನೋಡು" ಎಂದರು ಅತ್ತೆಮ್ಮ. ನನಗೆ ಸಿಕ್ಕ ಬೈಗುಳ ಅಷ್ಟೇ.

ಯಜಮಾನರು ಕೈತೊಳೆದು ಬರುವಷ್ಟರಲ್ಲಿ ಕೊನೆಯ ನಟ್ಟು ಬಿಗಿದಿದ್ದೆ. ಲಾರಿ ಮಣ್ಣುದಾರಿಗೆ ಇಳಿಯಿತು. ಅತ್ತೆಮ್ಮ ಕೆರೆ ಏರಿಯ ಮೇಲೆ ನಿಂತು ನೋಡಿದರು, ನಾನು ಅವರ ಹಿಂದೆ. ಗಾಡಿಗಳು ಹೂತ ಜಾಗದಲ್ಲಿ ಲಾರಿ ಒಮ್ಮೆ ಕುಸಿಯಿತು, ಗುರುಗುಟ್ಟಿತು, ನಾನು ಕಡ್ಡಿ ಹಾಕಿ ಉಜ್ಜಿದ ಹಲ್ಲುಗಳು ಕೆಸರನ್ನು ಕಚ್ಚಿದವು, ಲಾರಿ ಹತ್ತಿ ಹೋಯಿತು. ನಾಲ್ಕು ಸಲ ಹೋಗಿ ನಾಲ್ಕು ಸಲ ಬಂತು. ಕೊನೆಯ ಮೂಟೆ ನಮ್ಮ ಜಗಲಿಗೆ ಇಳಿಯುವಾಗ ಮಳೆಯ ಮೊದಲ ಹನಿ ಬಿತ್ತು.

ಆಲೂಗಡ್ಡೆ ಮಾರುಕಟ್ಟೆಗೆ ಹೊರಡಬೇಕಾಗಿದ್ದದ್ದು ಮಾರನೆಯ ಬೆಳಿಗ್ಗೆ. ನಾವು ಜಾಕಿ ತರುವ ಮೊದಲೇ ಮುನಿಶಾಮಪ್ಪ ಬಂದು ಚಕ್ರದ ಪಕ್ಕ ಕೂತು ನಟ್ಟಿಗೆ ಸ್ಪ್ಯಾನರು ಹಾಕಿದ್ದರು. ಮುಖ ಕೆಂಪಾಗುವವರೆಗೂ ತಿಣುಕಿದರು, ನಟ್ಟು ಜಗ್ಗಲಿಲ್ಲ. ಬಿಗಿದವಳು ನಾನು. ಅತ್ತೆಮ್ಮ ಮೊರ ಹಿಡಿದು ಬಂದು ಅವರ ಪಕ್ಕ ನಿಂತರು.

"ಏಳಪ್ಪ, ಆ ಕಡೆ ಸರಿ. ಇದು ಹೆಂಗಸರ ಕೆಲಸ."

ಅವರು ಎದ್ದರು. ಮತ್ತೆಂದೂ ಆ ಮನುಷ್ಯ ನಮ್ಮ ಚಕ್ರ ನೋಡಿ ನಗಲಿಲ್ಲ. ಅಂದು ಬೆಳಿಗ್ಗೆ ಮತ್ತೆ ಹಲ್ಲಿನ ಚಕ್ರಕ್ಕೆ ವರ್ಗವಾದ ಕೋಳಿಯ ಕೆಳಗಿನಿಂದ ಇಪ್ಪತ್ತೊಂದನೇ ದಿನಕ್ಕೆ ಹತ್ತು ಮರಿಗಳು ಹೊರಬಂದವು.

ನಮ್ಮ ಮನೆಯ ಗೋಡೆಯ ಮೇಲೆ ಆ ಲಾರಿಯ ಪಟವಿದೆ. ಯಜಮಾನರು ಮುಂದಿನ ಬಾಗಿಲಿಗೆ ಒರಗಿ ನಿಂತಿದ್ದಾರೆ. ಮೊಮ್ಮಗ ಬಂದವರಿಗೆಲ್ಲ "ನಮ್ ತಾತನ ಲಾರಿ" ಎಂದು ತೋರಿಸುತ್ತಾನೆ. ನಿಜವೇ. ಅತ್ತೆಮ್ಮನಾಗಲಿ ನಾನಾಗಲಿ ಆ ಪಟದಲ್ಲಿ ಇಲ್ಲ. ಇಷ್ಟು ವರ್ಷ ಅದನ್ನು ನಾನು ಒಂದು ಕೊರತೆಯೆಂದುಕೊಂಡಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ.

ಹೊಂಗೆ ಮರದ ಕೆಳಗಿನಿಂದ ನೋಡಿದೆ. ಮೊಮ್ಮಗ ಸ್ಟೆಪ್ನಿ ಏರಿಸಿ ನಟ್ಟು ಬಿಗಿಯುತ್ತಿದ್ದ. ಒಂದಾದ ಮೇಲೆ ಅದರ ಪಕ್ಕದ್ದು, ಅದಾದ ಮೇಲೆ ಅದರ ಪಕ್ಕದ್ದು. ಮಂಡಿ ಹಿಡಿದುಕೊಂಡು ಎದ್ದು ಹೋದೆ.

"ಹಂಗಲ್ಲ ಕಣೋ, ಎದುರುಬದುರು ಬಿಗೀಬೇಕು. ಇಲ್ದಿದ್ರೆ ಚಕ್ರ ಮುನಿಸ್ಕೊಳ್ತದೆ."

ಅವನು ತಲೆ ಎತ್ತಿ ನನ್ನನ್ನೇ ನೋಡಿದ. "ಅಜ್ಜಿ, ಇದೆಲ್ಲ ನಿಂಗೆಂಗೆ ಗೊತ್ತು?"

ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಕೈ ಚಾಚಿದೆ.

"ಏಳಪ್ಪ, ಆ ಕಡೆ ಸರಿ" ಎಂದೆ. "ಇದು ಹೆಂಗಸರ ಕೆಲಸ."