ಹಸನ್‌ಸಾಬ್ ಕತ್ತರಿ ಹಾಕಿದ ತಿಂಗಳು

ಮಾಲಿ ಹಸನ್‌ಸಾಬ್ ಕತ್ತರಿ ಹಾಕಿದ ಗಿಡ ಸತ್ತದ್ದನ್ನು ಸಿಂಧನೂರಿನಲ್ಲಿ ಕಂಡವರಿರಲಿಲ್ಲ. ನಲವತ್ತು ವರ್ಷ ಊರಿನ ನಿಂಬೆ, ದಾಳಿಂಬೆ, ಮಲ್ಲಿಗೆಗಳೆಲ್ಲ ಅವನ ಮುಂದೆ ತಲೆ ತಗ್ಗಿಸಿದ್ದವು. ಕೈಗುಣ ಎಂದು ಹೊಗಳಿದರೆ, "ಕೈ ಅಲ್ರೀ, ಟೈಮ್. ಬೇವು ಎಲಿ ಉದುರಿಸಿದಾಗ ಕತ್ತರಿ ತಗೀಬೇಕು" ಎನ್ನುತ್ತಿದ್ದ. ಕಸುಬು ಬಲ್ಲವನ ಸೊಕ್ಕು ಅದು. ಈ ಸೀಮೆಯ ಬೇವು ಎಲೆ ಉದುರಿಸುವುದು ಬಿಸಿಲು ಏರುವಾಗ.

ಒಬ್ಬಳೇ ಮಗಳು ಅತೀಯಾ ಹತ್ತಿರದ ಜವಳಗೇರಾದ ಶಾಲೆಯಲ್ಲಿ ಟೀಚರ್. ತರಬೇತಿಗೆಂದು ಬೆಂಗಳೂರಿಗೆ ಹೋದವಳು ಜಪಾನಿ ಮೇಪಲ್‌ನ ಬೋನ್ಸಾಯ್ ತಂದಳು. ತಟ್ಟೆಯಂಥ ಕುಂಡದಲ್ಲಿ ಗೇಣುದ್ದದ ಮರ.

"ಇದಕ್ಕ ಉಪಾಸ ಕೆಡವ್ಯಾರೇನ್ ಬೇಟಿ?" ಎಂದು ಅಪ್ಪ ನಕ್ಕ. ಅವಳು ಬಚ್ಚಲ ಹಿಂದಿನ ನೆರಳಲ್ಲಿ ಅದನ್ನು ಮೂರು ವರ್ಷ ಕೂಸಿನಂತೆ ಸಾಕಿದಳು; ಅವನು ಅತ್ತ ತಿರುಗಿಯೂ ನೋಡಲಿಲ್ಲ.

ಹೋದ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಆಸ್ಪತ್ರೆಯಲ್ಲಿ ಅಪ್ಪನ ಕೈ ಹಿಡಿದು, "ಅಬ್ಬಾ, ನನ್ನ ಗಿಡಕ್ಕ ಎಲಿ ಉದುರಿದ ಮ್ಯಾಲೆ ಕತ್ತರಿ ಹಾಕ್ರಿ. ಮೊದಲ ಮುಟ್ಟಬ್ಯಾಡ್ರಿ" ಎಂದಳು. ಎರಡು ದಿನಕ್ಕೆ ಹೋಗಿಬಿಟ್ಟಳು.

ಹಸನ್‌ಸಾಬ್‌ಗೆ ಉಳಿದದ್ದು ಆ ಕುಂಡವೊಂದೇ. ಅದೂ ಹೋದರೆ ತಾನೇಕೆ ಏಳಬೇಕೆಂದು ಬೆಳಿಗ್ಗೆ ಎದ್ದಾಗಲೆಲ್ಲ ಅನಿಸುತ್ತಿತ್ತು. ಡಿಸೆಂಬರಿನಲ್ಲಿ ಎಲೆ ಕೆಂಪಾಗಿ ಹತ್ತಿಪ್ಪತ್ತು ಉದುರಿದಾಗ ರೋಗವೆಂದು ಹೆದರಿ ಬೇವಿನೆಣ್ಣೆ ಹಚ್ಚಿದ. ಮಾರ್ಚ್‌ನಲ್ಲಿ ಬಿಸಿಗಾಳಿ ಎದ್ದಿತು. ಎಲೆಯಂಚು ಸುಟ್ಟು, ನಾಲ್ಕೇ ದಿನದಲ್ಲಿ ಮರ ಬೋಳಾಯಿತು. ಬೀದಿಯ ಬೇವೂ ಬೋಳಾಗಿತ್ತು. ಮಗಳು ಹೇಳಿದ ಹೊತ್ತು ಬಂತೆಂದು ಬಿಸ್ಮಿಲ್ಲಾ ಅಂದು ಕತ್ತರಿ ಹಾಕಿದ. ಜೀವಮಾನದಲ್ಲೇ ಅಷ್ಟು ಚೆಂದ ಕತ್ತರಿಸಿರಲಿಲ್ಲ.

ತಿಂಗಳಾದರೂ ಚಿಗುರಲಿಲ್ಲ. ಆಗ ಮಗಳ ಜೊತೆಗೆ ಕೆಲಸ ಮಾಡುತ್ತಿದ್ದ ಅಮೂಲ್ಯಾ ಟೀಚರ್ ಬಂದಳು. ಶಾಲೆಯ ಡ್ರಾಯರಿನಲ್ಲಿ ಅತೀಯಾಳ ನೋಟ್‌ಬುಕ್ಕು ಸಿಕ್ಕಿತ್ತಂತೆ. ಹಸನ್‌ಸಾಬ್‌ಗೆ ಕನ್ನಡ ಓದಲು ಬಾರದು, ಅವಳೇ ಓದಿದಳು: "ಚಳಿಗೆ ಎಲೆ ಉದುರಿದ ಮೇಲೆ, ಡಿಸೆಂಬರ್, ಜನವರಿಯಲ್ಲಿ ಕತ್ತರಿಸಬೇಕು. ಬಿಸಿಲಿಗೆ ಉದುರಿದರೆ ಕತ್ತರಿ ಮುಟ್ಟಿಸಬಾರದು. ನೆರಳು, ನೀರು ಕೊಟ್ಟರೆ ತಾನೇ ಚಿಗುರುತ್ತದೆ."

"ಕಡೀದು ಇನ್ನೊಮ್ಮೆ ಓದವ್ವಾ."

"ತಾನೇ ಚಿಗುರುತ್ತದೆ ಅಂತ ಬರದಾಳ್ರೀ ಕಾಕಾ."

ಅವನು ತನ್ನ ಕೈ ನೋಡಿಕೊಂಡ. "ಯಾವ ತಿಂಗಳು ಅಂತ ಆಕೀನ್ನ ಕೇಳಲೇ ಇಲ್ಲ ನೋಡು. ಗಿಡದ ಮಾತು ನನಗ ಯಾರರ ಹೇಳಬೇಕೇನು ಅಂದ್ಕೊಂಡಿದ್ದೆ."

ಈಗ ಯಾರ ಮನೆಗೂ ಅವನು ಕತ್ತರಿ ಹಿಡಿದು ಹೋಗುವುದಿಲ್ಲ. ದಿನಾ ಬೆಳಿಗ್ಗೆ ಉಗುರಿನಿಂದ ಆ ಮರದ ತೊಗಟೆ ಚೂರು ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಾನೆ. ಕೆರೆಯಲು ತೊಗಟೆ ಇನ್ನು ಎರಡು ಬೆರಳಷ್ಟು ಉಳಿದಿದೆ.