ಅಜ್ಜ ತಟ್ಟುತ್ತಿದ್ದ ಟೈರುಗಳು

ಹರಿಹರದಲ್ಲಿ ಈ ಬೆಳಿಗ್ಗೆ ನಾನು ಓಡಿಸುವ ಸ್ಕೂಲ್ ವ್ಯಾನಿನ ಟೈರ್ ತಟ್ಟಿ ಅಂಗೈ ಮೂಸಿದೆ. ಅದೇ ಅಜ್ಜನ ಕೈಯ ವಾಸನೆ.

ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿ ಬಂದ ಅಜ್ಜ, ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ. ಮೂಟೆ ತುಂಬಿದ ಲಾರಿಯ ಸುತ್ತ ಬಂದು ಒಂದೊಂದು ಟೈರನ್ನೂ ತಟ್ಟದೆ ಗೇಟು ತೆಗೆಸುತ್ತಿರಲಿಲ್ಲ. ಹಿಂದೆಯೇ ನಾನೂ ತಟ್ಟುತ್ತಿದ್ದೆ.

ಒಮ್ಮೆ, ಮಾಲು ಕೊಳ್ಳಲು ಬಂದಿದ್ದ ಸಾಹುಕಾರರೊಬ್ಬರು ರೇಗಿದರು. "ಇದು ಮಂಡಕ್ಕಿ ಲಾರಿ ರೀ, ವಿಮಾನ ಅಲ್ಲ. ಬಿಡ್ರಿ, ಸಾಕು."

ಅಜ್ಜನ ಕೈ ನಿಲ್ಲಲಿಲ್ಲ. "ದಿನಾ ಹಿಂಗೆ ನೋಡಿದ್ದಕ್ಕೇ ನಾನು ಜೀವಂತ ವಾಪಸ್ ಬಂದೀನಿ. ನನ್ನ ಡ್ರೈವರೂ ಬರಬೇಕು. ಅರ್ಜೆಂಟಿದ್ರೆ ಬೇರೆ ಭಟ್ಟಿ ನೋಡ್ಕಳ್ರಿ."

ಸಾಹುಕಾರರು ಹೊರಟೇಹೋದರು. ಅಜ್ಜ ಮುಂದಿನ ಟೈರಿಗೆ ಹೋದ.

"ಟೈಮಾತ್ರಿ ಮೇಡಂ," ಎಂದು ಮಗುವನ್ನು ನನ್ನ ವ್ಯಾನಿಗೆ ಹತ್ತಿಸಿದ ಅಪ್ಪನೊಬ್ಬ ಈಗ ಗೊಣಗುತ್ತಿದ್ದಾನೆ. ಆಗಲಿ. ಒಳಗೆ ಮಕ್ಕಳು ಕೂತಿದ್ದಾರೆ, ನನಗಿನ್ನೂ ಎರಡು ಟೈರ್ ಬಾಕಿ ಇವೆ.