ಕರೆಪ್ಪ ಬೇಡವೆಂದ ಚರ್ಮ

ಮಸಗುಪ್ಪಿಯ ಕರೆಪ್ಪ ಹೋದ ಸೋಮವಾರ ತೀರಿಕೊಂಡ. ಊರಲ್ಲಿ ಸತ್ತ ದನ ಎತ್ತಿ ಸುಲಿಯುವುದು ಅವನ ಮನೆತನಕ್ಕೆ ಬಂದ ಕೆಲಸ. ಚರ್ಮ ಅವನ ಪಾಲು. ನಾನು ಗೋಕಾಕದ ದನದ ದವಾಖಾನೆಯ ಡಾಕ್ಟರು. ಮುಂಬಯಿಯಲ್ಲಿ ಕಲಿತು ಬಂದಿದ್ದೆ, ಆದರೆ ದನದ ಒಡಲು ಓದಲು ಕಲಿಸಿದವನು ಕರೆಪ್ಪ.

ಚೂರಿ ಹಚ್ಚುವ ಮೊದಲು ಅವನು ಸತ್ತ ದನದ ಹಣೆ ಮುಟ್ಟಿ “ತಪ್ಪಾತು ತಾಯಿ” ಎನ್ನುತ್ತಿದ್ದ. ಎತ್ತಾದರೂ ಅವನಿಗೆ ತಾಯಿಯೇ. ಆಮೇಲೆ ತಂಬಾಕು ತಿಕ್ಕುತ್ತ ಸುತ್ತ ತಿರುಗಿ ಮೂಗು, ನಾಲಿಗೆ, ಸಗಣಿ ನೋಡುವನು.

“ಸಾಕಿದಾಂವ ಸುಳ್ಳ ಹೇಳ್ತಾನ್ರಿ ಸಾಹೇಬ್ರ, ಸತ್ತದ್ದು ಹೇಳಂಗಿಲ್ಲ.”

೧೯೩೪ರಲ್ಲಿ ಮುಂಗಾರು ಬಿದ್ದ ವಾರ, ಗೌಡ ಸತ್ತೆಪ್ಪನವರ ಮೂರು ದನ ಎರಡೇ ದಿನದಲ್ಲಿ ಸತ್ತವು. ಸಂಜೆ ಮೇವು ತಿಂದದ್ದು ಬೆಳಿಗ್ಗೆ ಹೆಣ. ಚರ್ಮದ ಆಸೆಗೆ ಕರೆಪ್ಪನೇ ವಿಷ ಹಾಕಿದನೆಂದು ಊರು ನಂಬಿತು. ನಾನು ಹೋದಾಗ ಅವನನ್ನು ಬೇವಿನ ಮರದ ಕೆಳಗೆ ಕೂರಿಸಿದ್ದರು. ಪೊಲೀಸರಿಗೆ ಹೇಳಿಕಳಿಸುವುದೊಂದೇ ಬಾಕಿ.

“ಹೊಟ್ಟಿ ಹರದು ವಿಷಾ ತೋರಸ್ರಿ ಡಾಕ್ಟರ್ರ,” ಎಂದರು ಸತ್ತೆಪ್ಪ.

ನಾನು ಚೂರಿ ತೆಗೆದೆ. ಕರೆಪ್ಪ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದ. ಅಲ್ಲಿಯವರೆಗೆ ಅವನು ನನ್ನನ್ನು ಮುಟ್ಟಿದವನಲ್ಲ.

“ಬ್ಯಾಡ್ರಿ! ಮೂಗಿನಾಗಿನ ರಗತ ನೋಡ್ರಿ, ಡಾಂಬರದಂಗ ಕರ್ರಗ ಐತಿ, ಇನ್ನೂ ಹೆಪ್ಪಗಟ್ಟಿಲ್ಲ. ಕಾಲೂ ಸೆಟದಿಲ್ಲ. ಇಂಥಾದ್ದ ಸುಲದು ನಮ್ಮಪ್ಪ ಕೈಮ್ಯಾಲ ಕರಿ ಗುಳ್ಳಿ ಎದ್ದು ಸತ್ತ. ಚರ್ಮದ ಸಮೇತ ಹುಗದಬಿಡ್ರಿ.”

“ವಿಷಾ ಮುಚ್ಚಾಕ ಹುಗಿ ಅಂತೀ ಏನಲೇ?”

“ಗೌಡ್ರ, ಚರ್ಮಕ್ಕಾಗಿ ಕೊಂದಿ ಅಂತೀರಿ. ಚರ್ಮಾ ಬ್ಯಾಡಂದ್ರ ಮುಚ್ಚಾಕತ್ತಿ ಅಂತೀರಿ. ಹ್ಯಾಂಗ ಮಾಡ್ಲಿ, ನೀವ ಹೇಳ್ರಿ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ನಾನು ಚೂರಿ ಒಳಗಿಟ್ಟೆ. ಸತ್ತಿದ್ದ ಎತ್ತೊಂದರ ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಪಟ್ಟಿಗೆ ಸವರಿಕೊಂಡು, ಆಳವಾದ ಕುಣಿ ತೋಡಿಸಿ ಸುಣ್ಣ ಹಾಕಿಸಿ ಮೂರನ್ನೂ ಹುಗಿಸಿದೆ. ದವಾಖಾನೆಗೆ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿದಿರಿನ ತುಂಡುಗಳಂಥ ಕ್ರಿಮಿಗಳ ಸಾಲು. ನೆರಡಿ ರೋಗ, ಮನುಷ್ಯರಿಗೂ ಹತ್ತುವ ಆಂಥ್ರಾಕ್ಸ್. ಅಂದು ಹೊಟ್ಟೆ ಸೀಳಿದ್ದರೆ ರೋಗ ಆ ಮಣ್ಣಿಗೆಲ್ಲ ಹರಡುತ್ತಿತ್ತು. ನಾನೂ ಉಳಿಯುತ್ತಿದ್ದೆನೋ ಇಲ್ಲವೋ.

ವಿಷವಲ್ಲ, ರೋಗವೆಂದು ಮರುದಿನ ಚಾವಡಿಯಲ್ಲಿ ಎಲ್ಲರೆದುರು ಹೇಳಿದೆ. ಉಳಿದ ದನಗಳಿಗೆ ಲಸಿಕೆ ಹಾಕಿದೆ. ಪೊಲೀಸರು ಬರಲಿಲ್ಲ. ಸತ್ತೆಪ್ಪ ತಪ್ಪಾಯಿತೆನ್ನಲಿಲ್ಲ. ಆದರೆ ಶ್ರಾವಣದಲ್ಲಿ ಅವರ ಎಮ್ಮೆ ಮೇವು ಬಿಟ್ಟಾಗ ತಾವೇ ಕೇರಿಯವರೆಗೆ ನಡೆದು ಬಂದು, “ಕರೆಪ್ಪಾ, ಒಂದೀಟ ನೋಡ ಬಾರಪಾ,” ಎಂದರಂತೆ. ಅದನ್ನು ಹೇಳುವಾಗ ಕರೆಪ್ಪ, “ಲೇ ಅನ್ನೂದ ಮರತಬಿಟ್ರ ನೋಡ್ರಿ ಗೌಡ್ರು,” ಎಂದು ಕೆಮ್ಮು ಬರುವವರೆಗೆ ನಕ್ಕಿದ್ದ.

ಅಂದು ಚೂರಿ ತೆಗೆದದ್ದು ವಿಷವಿಲ್ಲವೆಂದು ತೋರಿಸಿ ನಿನ್ನನ್ನು ಉಳಿಸಲೆಂದೇ ಎಂದು ಅವನಿಗೆ ಹೇಳಿದ್ದೆ. ಖರೆ ಅಂದರೆ ಅವನೇ ವಿಷ ಹಾಕಿರಬಹುದೆಂದು ನನಗೂ ಅರೆ ಅನುಮಾನವಿತ್ತು. ಆಮೇಲೆ ಹನ್ನೊಂದು ವರ್ಷ ಜೊತೆಗೆ ತಿರುಗಿದರೂ ಅದನ್ನು ಹೇಳಲು ಬಾಯಿ ಬರಲಿಲ್ಲ.

ಸೋಮವಾರ ಮಣ್ಣು ಕೊಡುವ ಮೊದಲು ಅವನ ಹಣೆ ಮುಟ್ಟಿದೆ.

“ತಪ್ಪಾತು ಕರೆಪ್ಪ,” ಎಂದೆ.